ಸುಝೌನಲ್ಲಿ ಕಂಡ ಕಲ್ಲಿನ ನಕ್ಷೆ

ಗೆಳೆಯಾ,

ಚೀನಾದ ಶಾಂಘೈಗೆ ಕೆಲಸದ ಮೇಲೆ ಹೋದವನು ಹತ್ತಿರದ ಸುಝೌ ಊರಿನಲ್ಲಿ ಎರಡು ದಿನ ಯಾಕೆ ಉಳಿದೆ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ಒಂದು ಕಲ್ಲಿದೆ. ಆಳೆತ್ತರಕ್ಕಿಂತ ದೊಡ್ಡದು. ಹಳೆಯ ಕನ್‌ಫ್ಯೂಷಿಯಸ್ ಗುಡಿಯ ಆವರಣದ ಶಾಸನ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. 1229ರಲ್ಲಿ ಇಡೀ ಊರಿನ ನಕ್ಷೆಯನ್ನು ಅದರ ಮೇಲೆ ಕೆತ್ತಿದರು. ಆಗ ಊರಿನ ಹೆಸರು ಪಿಂಗ್‌ಜಿಯಾಂಗ್. ಕೋಟೆ, ಬಾಗಿಲುಗಳು, ಬೀದಿಗಳು, 300ಕ್ಕೂ ಹೆಚ್ಚು ಸೇತುವೆಗಳು, ಬೀದಿಯ ಪಕ್ಕಕ್ಕೇ ಹರಿಯುವ ಕಾಲುವೆಗಳು. ಒಂದು ಜಾಲ ರಸ್ತೆಯದು, ಇನ್ನೊಂದು ನೀರಿನದು, ಎರಡನ್ನೂ ಒಂದರ ಮೇಲೊಂದು ಹಾಸಿದ ಹಾಗೆ. ಅದಕ್ಕೂ ಸುಮಾರು ನೂರು ವರ್ಷ ಮೊದಲು, 1130ರಲ್ಲಿ, ಉತ್ತರದ ಜಿನ್ ರಾಜ್ಯದ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತ್ತು. ಅಂದರೆ ಆ ಕಲ್ಲಿನಲ್ಲಿರುವುದು ಸುಟ್ಟು ಮತ್ತೆ ಎದ್ದು ನಿಂತ ಊರು. ನಾನು ಅಲ್ಲಿಂದ ಬೇಗ ಹೊರಡಲೇ ಇಲ್ಲ.

ಊರು ಅದಕ್ಕಿಂತ ಎಷ್ಟೋ ಹಳೆಯದು. ಕ್ರಿ.ಪೂ. 514ರಲ್ಲಿ ವೂ ರಾಜ್ಯದ ದೊರೆ ಹೆಲ್ಯೂವಿಗಾಗಿ ಅವನ ಮಂತ್ರಿ ವೂ ಜಿಷೂ ಕಟ್ಟಿಸಿದ್ದು ಅನ್ನುತ್ತಾರೆ. ಜಾಗವೇ ಹಾಗಿದೆ ನೋಡು. ಉತ್ತರಕ್ಕೆ ಯಾಂಗ್‌ತ್ಸೆ ನದಿ, ಪಶ್ಚಿಮಕ್ಕೆ ತೈಹು ಅನ್ನುವ ಭಾರಿ ಕೆರೆ, ನಡುವೆ ತಟ್ಟೆಯ ಹಾಗೆ ಚಪ್ಪಟೆಯಾದ ತಗ್ಗು ನೆಲ. ಇಂಥ ಕಡೆ ನೀರಿಗೆ ದಾರಿ ಮಾಡಿಕೊಡದಿದ್ದರೆ ಅದೇ ದಾರಿ ಹುಡುಕಿಕೊಂಡು ಮನೆಯೊಳಗೆ ಬರುತ್ತದೆ, ಅಲ್ವಾ? ಮುಂದೆ 610ರ ಹೊತ್ತಿಗೆ ಸುಯ್ ವಂಶದ ಚಕ್ರವರ್ತಿ ಯಾಂಗ್ ತೋಡಿಸಿದ ಮಹಾ ಕಾಲುವೆ ಊರಿನ ಪಕ್ಕದಲ್ಲೇ ಹಾದುಹೋಯಿತು. ದಕ್ಷಿಣದ ಅಕ್ಕಿ ಉತ್ತರದ ರಾಜಧಾನಿಗೆ ಹೋಗತೊಡಗಿತು. ಅಕ್ಕಿ ಮತ್ತು ರೇಷ್ಮೆ, ಸುಝೌನ ಸಿರಿಯೆಲ್ಲ ಈ ಎರಡರಿಂದಲೇ.

ಆ ಮಹಾ ಕಾಲುವೆಯ ಪಕ್ಕದ ಬಾವ್‌ದಾಯ್ ಸೇತುವೆಯನ್ನು ನೀನು ನೋಡಲೇಬೇಕು. 53 ಕಮಾನುಗಳು, 300 ಮೀಟರಿಗೂ ಉದ್ದ. ಮೊದಲು ಕಟ್ಟಿದ್ದು ಟ್ಯಾಂಗ್ ರಾಜರ ಕಾಲದಲ್ಲಿ, 816ರಿಂದ 819ರ ನಡುವೆ. ದೋಣಿಗಳನ್ನು ದಡದ ಮೇಲೆ ನಡೆಯುತ್ತಾ ಹಗ್ಗ ಹಿಡಿದು ಎಳೆಯುತ್ತಿದ್ದ ಕೂಲಿಗಳು ಇಲ್ಲಿ ನೀರು ದಾಟಬೇಕಿತ್ತು. ಅದಕ್ಕೇ ಸೇತುವೆ ಏರುಪೇರಿಲ್ಲದೆ ನೀರಿಗೆ ಹತ್ತಿರವಾಗಿ ಮಲಗಿದೆ. ದೊಡ್ಡ ದೋಣಿ ನುಸುಳಲಿ ಅಂತ ನಡುವಿನ ಮೂರು ಕಮಾನು ಮಾತ್ರ ಎತ್ತರ. ಹಣ ಸಾಲದೆ ಅಧಿಕಾರಿ ವಾಂಗ್ ಝೋಂಗ್‌ಶು ತನ್ನ ಸೊಂಟದ ಬೆಲೆಬಾಳುವ ಪಟ್ಟಿಯನ್ನೇ ಮಾರಿದನಂತೆ. ಸೇತುವೆಯ ಹೆಸರಿಗೂ ಅದೇ ಅರ್ಥ, ಬೆಲೆಬಾಳುವ ಪಟ್ಟಿ. ಆದರೆ ನನ್ನ ಕಣ್ಣಿಗೆ ಕಂಡಿದ್ದು ಬರಿಗಾಲಲ್ಲಿ ಹಗ್ಗ ಎಳೆದವರು.

ಎರಡನೆಯ ದಿನ ಆ ಕಲ್ಲಿನ ಫೋಟೋವನ್ನು ಫೋನಿನಲ್ಲಿ ಹಿಡಿದು ಪಿಂಗ್‌ಜಿಯಾಂಗ್ ರಸ್ತೆಯಲ್ಲಿ ನಡೆದೆ. ಕಾಲುವೆ ನಕ್ಷೆಯಲ್ಲಿದ್ದ ಕಡೆಯೇ ಇದೆ. ಸುಮಾರು 800 ವರ್ಷ! ಮನೆಗಳ ಹಿಂಬಾಗಿಲಿನಿಂದ ಕಲ್ಲಿನ ಮೆಟ್ಟಿಲು ನೀರಿಗಿಳಿಯುತ್ತವೆ. ಒಬ್ಬ ಅಜ್ಜಿ ಕೊನೆಯ ಮೆಟ್ಟಿಲಲ್ಲಿ ಕೂತು ನೆಲ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದರು. ಪಕ್ಕದ ದಡದ ಗೋಡೆಯ ಕಲ್ಲಿಗೆ ತೂತು ಕೊರೆದಿದ್ದರು, ದೋಣಿಯ ಹಗ್ಗ ಕಟ್ಟಲು. ಎತ್ತಿಗೆ ಮೂಗುದಾರ ಪೋಣಿಸಿದ ಹಾಗೆ ಹಗ್ಗ ಅದರೊಳಗೆ ತೂರಬೇಕು. ಬೆರಳು ಹಾಕಿ ನೋಡಿದೆ, ಒಳಗೆಲ್ಲ ನುಣ್ಣಗೆ ಸವೆದಿತ್ತು.

ಎಲ್ಲವೂ ಹಾಗೇ ಉಳಿದಿಲ್ಲ. ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದ್ದಾರೆ. ಕೋಟೆಗೋಡೆಯ ಬಹುಪಾಲನ್ನು 1950ರ ದಶಕದಲ್ಲಿ ಕೆಡವಿದರು. ನಕ್ಷೆಯಲ್ಲಿ ನೀರಿದ್ದ ಜಾಗದಲ್ಲಿ ಟಾರು ರಸ್ತೆ ಕಂಡಾಗ ನನಗೆ ನಿಜವಾಗಿ ಸಂಕಟವಾಯಿತು. ಆದರೆ ಕೋಟೆಯ ಪಾನ್‌ಮೆನ್ ಬಾಗಿಲು ಉಳಿದುಕೊಂಡಿದೆ, 1351ರಲ್ಲಿ ಮತ್ತೆ ಕಟ್ಟಿದ್ದು. ಜನರಿಗೊಂದು ದಾರಿ, ಪಕ್ಕದಲ್ಲೇ ದೋಣಿಗೊಂದು ದಾರಿ.

ನೀನು ಹೋಗುವುದಾದರೆ ಶಾಂಘೈನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಎಲ್ಲರೂ ಮೊದಲು ಅಲ್ಲಿನ ಹೆಸರುವಾಸಿ ತೋಟಗಳಿಗೆ ಹೋಗುತ್ತಾರೆ. ನೀನು ಮೊದಲು ಆ ಕಲ್ಲು ನೋಡು. ಫೋಟೋ ತೆಗೆದುಕೋ, ಆಮೇಲೆ ನಡೆಯಲು ಶುರು ಮಾಡು.

ನಿನ್ನ ಗೆಳೆಯ