ಚಾಟ್‌ಬಾಟ್‌ಗೆ ಸಂಘದ ದುಡ್ಡು ಕಟ್ಟೋದಾ, ಬೇಡ್ವಾ?

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್ ಸಂಘದ ನೋಟಿಸ್, ಸಭೆಯ ನಡಾವಳಿ ಬರೆಯೋಕೆ ಚಾಟ್‌ಜಿಪಿಟಿ ಅನ್ನೋ ಚಾಟ್‌ಬಾಟ್‌ನ ದುಡ್ಡು ಕಟ್ಟೋ ಪ್ಲಾನ್ 'ಪ್ಲಸ್' ತೆಗೆದುಕೊಳ್ಳೋಣ ಅಂತ ಕೆಲವರು ಕೇಳಿದ್ದೀರಿ. ನನ್ನ ಪ್ರಕಾರ ಈಗ ಬೇಡ.

ಅದಕ್ಕೆ ತಿಂಗಳಿಗೆ 1,999 ರೂಪಾಯಿ, ವರ್ಷಕ್ಕೆ ಹತ್ತಿರ ಹತ್ತಿರ 24 ಸಾವಿರ. ಮೇಂಟೆನೆನ್ಸ್ ದುಡ್ಡಲ್ಲಿ ಇಷ್ಟು ತೆಗೆದರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಏನು ಮಾಡೋದು? 2025ರ ಆಗಸ್ಟ್‌ನಲ್ಲಿ ಚಾಟ್‌ಜಿಪಿಟಿಯದ್ದೇ ಗೋ ಪ್ಲಾನ್ ಅಂತ ತಿಂಗಳಿಗೆ 399 ರೂಪಾಯಿಗೆ ಬಂತು, ನವೆಂಬರ್‌ನಲ್ಲಿ ಅದನ್ನೇ ಒಂದು ವರ್ಷ ಉಚಿತ ಅಂದರು, ಇಂಥದ್ದೇ ಬೇರೆ ಚಾಟ್‌ಬಾಟ್‌ಗಳನ್ನು, ಅಂದರೆ ಜಿಯೋದವರು ಜೆಮಿನಿ, ಏರ್‌ಟೆಲ್‌ನವರು ಪರ್‌ಪ್ಲೆಕ್ಸಿಟಿ, ಪುಕ್ಕಟೆ ಹಂಚಿದರು. ಹೀಗಿರುವಾಗ ಪೂರ್ತಿ ಬೆಲೆ ಕೊಡೋಕೆ ಅವಸರ ಯಾಕೆ? ಆದರೆ ಹುಷಾರು, ಉಚಿತ ಅಂತ ಒತ್ತುವಾಗಲೇ ಎಷ್ಟೋ ಸಲ ಯುಪಿಐ ಆಟೋಪೇಗೆ ಒಪ್ಪಿಗೆ ಕೇಳುತ್ತಾರೆ, ಅವಧಿ ಮುಗಿದ ಮೇಲೆ ದುಡ್ಡು ತಾನಾಗೇ ಕಟ್ ಆಗುತ್ತದೆ. ಈಗಾಗಲೇ ತಗೊಂಡಿರುವವರು ನಿಮ್ಮ ಯುಪಿಐ ಆ್ಯಪ್‌ನಲ್ಲಿ ಮ್ಯಾಂಡೇಟ್ (ದುಡ್ಡು ತಾನಾಗೇ ಕಟ್ ಆಗೋಕೆ ಕೊಟ್ಟ ಒಪ್ಪಿಗೆ) ಒಮ್ಮೆ ನೋಡಿಕೊಳ್ಳಿ.

ಮೊನ್ನೆಯ ಲಿಫ್ಟ್ ರಿಪೇರಿ ನೋಟಿಸ್ ಉಚಿತದ್ದರಲ್ಲೇ ಬರೆಸಿದ್ದು. ಕನ್ನಡ ಪರವಾಗಿಲ್ಲ, ಆದರೆ ನಾವು ಕೊಡದೇ ಇದ್ದ ಒಂದು ಹೆಲ್ಪ್‌ಲೈನ್ ನಂಬರನ್ನು ತಾನೇ ಸೇರಿಸಿಬಿಟ್ಟಿತ್ತು! ದುಡ್ಡು ಕೊಟ್ಟರೂ ಈ ಚಾಳಿ ಪೂರ್ತಿ ಹೋಗಲ್ಲ, ಹೇಗಿದ್ದರೂ ಒಬ್ಬರು ಓದಿ ನೋಡಲೇಬೇಕು.

ಇನ್ನೊಂದು ಮಾತು. ಫ್ಲ್ಯಾಟ್ ಮಾಲೀಕರ ಹೆಸರು, ಫೋನ್ ನಂಬರ್, ಬಾಕಿ ಪಟ್ಟಿ ಇವನ್ನು ದಯವಿಟ್ಟು ಯಾವ ಚಾಟ್‌ಬಾಟ್‌ಗೂ ಹಾಕಬೇಡಿ. ಚಾಟ್‌ಜಿಪಿಟಿ ಪ್ಲಸ್‌ನಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡದಿದ್ದರೆ ನಮ್ಮ ಮಾತುಕತೆಯನ್ನು ಕಂಪನಿಯವರು ಚಾಟ್‌ಬಾಟ್‌ನ ತರಬೇತಿಗೆ ಬಳಸಬಹುದು. ಒಂದೇ ಲಾಗಿನ್ ಕಮಿಟಿಯವರೆಲ್ಲ ಹಂಚಿಕೊಳ್ಳೋಣ ಅನ್ನೋದೂ ಆಗಲ್ಲ, ಅವರ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ.

ಬೇಕೇಬೇಕು ಅನ್ನುವವರು ಯಾವ ಕೆಲಸಕ್ಕೆ ಅಂತ ಭಾನುವಾರದ ಸಭೆಗೆ ಮುಂಚೆ ಇಲ್ಲೇ ಬರೆಯಿರಿ.