ಹಲಸಿನ ರಾಶಿಗೂ ಒಂದು ಬೋರ್ಡು ಬೇಕು

ಮಾನ್ಯ ಸಂಪಾದಕರೇ,

ಮಾವು ಕೊಳ್ಳುವಾಗ ರಸಪುರಿಯೋ ಬಾದಾಮಿಯೋ ಮಲ್ಲಿಕಾವೋ ಅಂತ ವಿಚಾರಿಸಿಕೊಂಡೇ ಚೌಕಾಸಿಗೆ ಇಳಿಯುತ್ತೇವೆ. ಹಲಸಿಗೆ ಮಾತ್ರ ಈ ಮರ್ಯಾದೆ ಇಲ್ಲ. ರಸ್ತೆ ಬದಿಯಲ್ಲಿ ಬೆಟ್ಟದಷ್ಟು ರಾಶಿ ಇರುತ್ತದೆ. ಕೇಳಿದರೆ ‘ಹಲಸು ಕಣಮ್ಮ, ಜೇನಿನ ಥರ ಇದೆ’ ಅನ್ನುವುದೊಂದೇ ಉತ್ತರ. ಒಳಗಿರುವುದು ಗಟ್ಟಿ ಸೊಳೆಯ ಬಕ್ಕೆಯೋ, ಮೆತ್ತನೆ ಸೊಳೆಯ ಅಂಬಲಿಯೋ, ಮನೆಗೆ ಹೊತ್ತು ತಂದು ಕೊಯ್ದ ಮೇಲೇ ಗೊತ್ತು.

ನಾನು ಸಾಗರದ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ಹೋದ ವರ್ಷ ನಮ್ಮ ಎದುರು ಮನೆಯವರು ಆಸೆಪಟ್ಟು ಇಡೀ ಹಣ್ಣು ತಂದರು. ಅದು ಅಂಬಲಿ. ಸೊಳೆ ಬೆರಳಿನಿಂದ ಜಾರಿ ಹೋಗುವಷ್ಟು ಮೆತ್ತಗೆ, ಬಾಯಿಗೆ ಹಾಕಿದರೆ ನಾರು ನಾರು. ರುಚಿಗೇನೂ ಕಮ್ಮಿ ಇರಲಿಲ್ಲ. ಆದರೆ ಮಕ್ಕಳು ಮುಟ್ಟಲಿಲ್ಲ. ಅಲ್ಲಿಂದಾಚೆ ಆ ಮನೆಗೆ ಬರುವುದು ಪ್ಲಾಸ್ಟಿಕ್ ಸುತ್ತಿದ ಹತ್ತು ಸೊಳೆಯ ತಟ್ಟೆ ಮಾತ್ರ. ಯಾವಾಗ ಬಿಡಿಸಿದ್ದು ಅಂತ ದೇವರಿಗೇ ಗೊತ್ತು. ಬೇಳೆಯೂ ಇಲ್ಲ, ಪರಿಮಳವೂ ಅರ್ಧ.

ಇದರಲ್ಲಿ ವ್ಯಾಪಾರಿಗಳದ್ದೇ ತಪ್ಪು ಅನ್ನಲಾರೆ. ನಮ್ಮ ಹಲಸಿನ ಮರಗಳಲ್ಲಿ ಹೆಚ್ಚಿನವು ಬೀಜ ಬಿದ್ದು ಹುಟ್ಟಿದವು. ತಾಯಿ ಮರದಂಥದ್ದೇ ಹಣ್ಣು ಬಿಡುತ್ತವೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಮರಕ್ಕೊಂದು ರುಚಿ. ಆದರೆ ಮರದ ಯಜಮಾನನಿಗೆ ತನ್ನ ಹಣ್ಣು ಎಂಥದ್ದು ಅಂತ ಗೊತ್ತೇ ಇರುತ್ತದೆ, ಅಲ್ವಾ? ಆ ಮಾತು ಲಾರಿ ಹತ್ತುವಾಗ ಹಣ್ಣಿನ ಜೊತೆ ಬರುವುದಿಲ್ಲ, ಅಷ್ಟೇ. ತುಬಗೆರೆಯದ್ದು, ಸಖರಾಯಪಟ್ಟಣದ್ದು, ತುಮಕೂರು ಕಡೆಯದ್ದು, ಎಲ್ಲವೂ ಒಂದೇ ರಾಶಿಯಾಗಿ ಊರೂ ಹೋಗುತ್ತದೆ, ಗುಣವೂ ಹೋಗುತ್ತದೆ.

ಅದಕ್ಕೇ ನನ್ನ ಕೋರಿಕೆ ಚಿಕ್ಕದು. ಮೇಳಗಳಲ್ಲಾಗಲಿ, ತರಕಾರಿ ಅಂಗಡಿಗಳಲ್ಲಾಗಲಿ ಹಲಸಿನ ರಾಶಿಯ ಮುಂದೆ ಒಂದು ರಟ್ಟಿನ ತುಂಡು ಇಡಲಿ. ಬಕ್ಕೆಯೋ ಅಂಬಲಿಯೋ, ಯಾವ ಊರಿನದ್ದು, ಮರದಿಂದ ಯಾವತ್ತು ಇಳಿಸಿದ್ದು. ಇಷ್ಟು ಬರೆದರೆ ಸಾಕು. ಸಾಧ್ಯವಾದರೆ ಅದೇ ಮರದ್ದೊಂದು ಹಣ್ಣು ಕೊಯ್ದು ತೋರಿಸಲಿ.

ಹಣ್ಣಾಗಿದೆಯೋ ಇಲ್ಲವೋ ನೋಡುವುದು ಕೊಳ್ಳುವವರ ಕೆಲಸ, ಅದಕ್ಕೆ ಬೋರ್ಡು ಬೇಡ. ತಟ್ಟಿ ನೋಡಿ. ಕಾಯಿ ಟಣ್ ಅನ್ನುತ್ತದೆ, ಹಣ್ಣು ಡಬ್ ಅನ್ನುತ್ತದೆ. ಬಲಿತ ಹಣ್ಣಿನ ಮುಳ್ಳು ಮೊಂಡಾಗಿ, ಒಂದಕ್ಕೊಂದು ದೂರ ಸರಿದಿರುತ್ತದೆ. ಮುಳ್ಳು ಒತ್ತೊತ್ತಾಗಿ ಚೂಪಾಗಿದ್ದರೆ ಅದು ಎಳೆಯದು, ಬಿಡಿ. ಮಳೆ ಜೋರಾದ ಮೇಲೆ ಬರುವ ಹಣ್ಣು ನೀರು ಕುಡಿದು ಸಪ್ಪೆಯಾಗಿರುತ್ತದೆ, ಅದನ್ನು ನಾನಂತೂ ತರುವುದಿಲ್ಲ.

ಮೇಣಕ್ಕೆ ಹೆದರುವವರೇ ಜಾಸ್ತಿ. ನೆಲಕ್ಕೆ ಹಳೆಯ ಪೇಪರ್ ಹಾಸಿ (ನಿಮ್ಮ ಪತ್ರಿಕೆಯೇ, ಬೇಜಾರಾಗಬೇಡಿ), ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡರೆ ಆಯಿತು. ಉದ್ದಕ್ಕೆ ಸೀಳಿ. ಮೊದಲು ನಡುವಿನ ದಿಂಡು ತೆಗೆದು, ಅಲ್ಲಿಂದ ಒಸರುವ ಮೇಣವನ್ನು ಪೇಪರಿನಿಂದ ಒರೆಸಿ. ಆಮೇಲೆ ಕೈಗೆ ಅಷ್ಟು ಅಂಟುವುದಿಲ್ಲ. ಅಂಟಿದರೂ ಸುಮ್ನೆ ಸೋಪು ಹಾಕಿ ಉಜ್ಜಬೇಡಿ, ಅದು ಬಿಡುವುದು ಎಣ್ಣೆಗೇ. ಬೇಳೆಯನ್ನು ತೊಳೆದು ಎರಡು ದಿನ ನೆರಳಲ್ಲಿ ಹರಡಿ. ಸಾರಿಗೆ ಹಾಕಿ, ಇಲ್ಲವೇ ಸುಟ್ಟು ತಿನ್ನಿ. ಸುಡುವ ಮೊದಲು ಒಂದೊಂದಕ್ಕೂ ಚಾಕುವಿನಿಂದ ಗೀರು ಹಾಕಿ, ಇಲ್ಲದಿದ್ದರೆ ಪಟಾರನೆ ಸಿಡಿಯುತ್ತದೆ.

‘ಇಬ್ಬರೇ ಇರುವ ಮನೆಗೆ ಹತ್ತು ಕಿಲೋ ಹಣ್ಣು ಯಾಕೆ?’ ಅನ್ನುವವರಿಗೆ ತುಮಕೂರು ಜಿಲ್ಲೆ ಚೇಳೂರಿನ ‘ಸಿದ್ದು’ ಹಲಸು ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿದ್ದಾರೆ. ತೂಕ ಸುಮಾರು ಎರಡೂವರೆ ಕಿಲೋ, ಸೊಳೆ ತಾಮ್ರದಂಥ ಕೆಂಪು. ಅದರ ಸಸಿಗಳನ್ನು ರೈತರು ನೆಟ್ಟಿದ್ದಾರೆ. ಆ ಹಣ್ಣು ಮಾರುಕಟ್ಟೆಗೆ ಬಂದಾಗಲೂ ‘ಕೆಂಪು ಹಲಸು’ ಅಂತಷ್ಟೇ ಕೂಗಿ ಮಾರಿದರೆ ಹೆಸರಿಟ್ಟು ಏನು ಬಂತು?

‘ಅಂಬಲಿ’ ಅಂತ ಬರೆದರೆ ಯಾರೂ ಕೊಳ್ಳುವುದಿಲ್ಲ ಅನ್ನುವ ಭಯ ವ್ಯಾಪಾರಿಗಳಿಗೆ ಬೇಡ. ಕಡುಬಿಗೆ ಅದೇ ಬೇಕು. ಸೊಳೆ ಕಿವುಚಿ, ಅಕ್ಕಿ ತರಿ, ಬೆಲ್ಲ, ಕಾಯಿತುರಿ ಕಲಸಿ, ಬಾಳೆ ಎಲೆಯಲ್ಲಿ ಮಡಚಿ ಬೇಯಿಸಿದರೆ ತುಪ್ಪದ ಜೊತೆ ಎಷ್ಟು ತಿಂದೆವು ಅನ್ನುವ ಲೆಕ್ಕ ಇರುವುದಿಲ್ಲ. ಬಕ್ಕೆಯಲ್ಲಿ ಆ ರಸ ಎಲ್ಲಿಂದ ಬರಬೇಕು? ಬೋರ್ಡು ಹಾಕಿ ನೋಡಿ, ನಮ್ಮಂಥ ಮಲೆನಾಡಿನವರು ಅಂಬಲಿಯನ್ನೇ ಹುಡುಕಿಕೊಂಡು ಬರುತ್ತೇವೆ.

– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು