ಮಪೋಗೋ ಜಗಳ ಸಾಕು, ಸ್ವಲ್ಪ ಓದಿ

ಎಲ್ಲರಿಗೂ ನಮಸ್ಕಾರ. ಮಪೋಗೋ ಸಿಂಹಗಳ ಗುಂಪಿನ ಮಿಸ್ಟರ್ ಟಿ ಅನ್ನೋ ಗಂಡು ದ್ರೋಹಿ ಅಂತ ನಮ್ಮಲ್ಲಿ ಅರ್ಧ ಜನ, ವೀರ ಅಂತ ಇನ್ನರ್ಧ. ರಾತ್ರಿಯೆಲ್ಲ ಇದೇ ಆಯ್ತು, ಅಲ್ವಾ?

ನಡೆದದ್ದು ಇಷ್ಟು. 2006ರಲ್ಲಿ ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಅಭಯಾರಣ್ಯಕ್ಕೆ ಮಪೋಗೋ ಗುಂಪಿನ ಆರು ಗಂಡು ಸಿಂಹಗಳು ಬಂದು, ಅಲ್ಲಿದ್ದ ಗಂಡುಗಳನ್ನು ಓಡಿಸಿ, ಸಿಕ್ಕವನ್ನು ಕೊಂದು, ಮರಿಗಳನ್ನೂ ಬಿಡದೆ ಕಾಡನ್ನು ಹಿಡಿದವು. ಆಮೇಲೆ ಅವರಲ್ಲಿ ಮಿಸ್ಟರ್ ಟಿ, ಕಿಂಕಿ ಟೇಲ್ ಇಬ್ಬರೇ ಗುಂಪಿನಿಂದ ಬೇರೆಯಾದರು. ಅಲ್ಲೇ ಎಡವಟ್ಟಾಯಿತು. 2010ರಲ್ಲಿ ಇಬ್ಬರೂ ಸೇರಿ ಮಜಿಂಗಿಲಾನೆ ಅನ್ನೋ ಎದುರಾಳಿ ಗುಂಪಿನ ಒಂದು ಗಂಡನ್ನು ಮುಗಿಸಿದರು, ಆ ಗುಂಪಿನ ಉಳಿದ ನಾಲ್ಕು ಒಟ್ಟಿಗೆ ಮುಗಿಬಿದ್ದು ಕಿಂಕಿ ಟೇಲ್‌ನನ್ನು ಕೊಂದವು. ಮಿಸ್ಟರ್ ಟಿ ತಪ್ಪಿಸಿಕೊಂಡು ಹಳೇ ಜೊತೆಗಾರರ ಬಳಿಗೇ ಹೋದ. ಅವರು ಸೇರಿಸಿಕೊಂಡರು, ಇವನು ಅವರ ಮರಿಗಳನ್ನೇ ಕೊಂದ! 2012ರಲ್ಲಿ ಸೆಲಾಟಿ ಅನ್ನೋ ಇನ್ನೊಂದು ಗುಂಪಿನ ಗಂಡುಗಳು ಅವನನ್ನೂ ಮುಗಿಸಿದವು.

ಮಿಸ್ಟರ್ ಟಿ ಮಾಡಿದ್ದನ್ನು ದ್ರೋಹ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಒಂಟಿ ಗಂಡಿಗೆ ಗಡಿ ಕಾಯಲು ಆಗುವುದಿಲ್ಲ, ಜೊತೆ ಬೇಕೇ ಬೇಕು. ಎರಡು ಮೂರು ಗಂಡುಗಳ ಗುಂಪಿನಲ್ಲಿ ರಕ್ತಸಂಬಂಧವೇ ಇಲ್ಲದವೂ ಇರುತ್ತವೆ, ಜಾಸ್ತಿ ಇದ್ದರೆ ಸಾಮಾನ್ಯವಾಗಿ ಎಲ್ಲ ಒಂದೇ ಬಳಗದವು.

ಇನ್ನು ಮುಂದೆ ವಿಡಿಯೋ ಹಾಕುವಾಗ ಯಾವ ಗುಂಪು, ಯಾವ ವರ್ಷ ಅಂತ ಕೆಳಗೆ ಬರೆಯಿರಿ. ಕಿಂಕಿ ಟೇಲ್ ಸಾಯುವ ವಿಡಿಯೋ ಮತ್ತೆ ಹಾಕಬೇಡಿ, ಈಗಾಗಲೇ ನಾಲ್ಕು ಸಲ ಬಂದಿದೆ.